ಮಾಲಿನ್ಯ ನಿಯಂತ್ರಣ ಮಂಡಳಿಯ ಸೇವೆ ಹೇಗಿದೆ? ಮಂಗಳೂರು, ಉಡುಪಿಯ ದೂರುದಾರರಿಗಾಗಿ ಒಂದು ವಿಮರ್ಶೆ

ತೋಡಿನ ನೀರು ಕಪ್ಪಾದರೆ, ಬಾವಿಯ ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿದರೆ, ಮಧ್ಯರಾತ್ರಿ ಕೊಳೆತ ಮೊಟ್ಟೆಯ ವಾಸನೆಗೆ ಎಚ್ಚರವಾದರೆ ಕರಾವಳಿಯವರು ಮೊದಲು ಹುಡುಕಿಕೊಂಡು ಹೋಗುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು. ಮಂಗಳೂರಿನದು ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿದೆ, ಉಡುಪಿಯದು ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ. ಎರಡೂ ಕಾರ್ಖಾನೆಗಳ ನಡುವೆಯೇ ಇವೆ. ಹೋಟೆಲಿಗೆ, ಆಸ್ಪತ್ರೆಗೆ ವಿಮರ್ಶೆ ಬರೆಯುತ್ತೇವೆ. ನಮ್ಮ ನೀರು, ಗಾಳಿಯ ಲೆಕ್ಕ ಇಡುವ ಈ ಸೇವೆಗೂ ಒಂದು ವಿಮರ್ಶೆ ಬೇಕು. ಏಕೆಂದರೆ ಇಲ್ಲಿ ಸೇವೆ ಪಡೆಯುವವರಲ್ಲಿ ಎರಡು ಪಂಗಡ: ಅರ್ಜಿ ಹಾಕಿ ಶುಲ್ಕ ಕಟ್ಟುವ ಉದ್ದಿಮೆ ಒಂದು ಕಡೆ, ಶುಲ್ಕ ಕಟ್ಟದೆ ದೂರು ಕೊಡುವ ಊರವರು ಇನ್ನೊಂದು ಕಡೆ.

ತೀರ್ಪು ಮೊದಲೇ ಹೇಳುತ್ತೇವೆ. ಅಳತೆ ಮಾಡುವುದು, ದಾಖಲೆ ಇಡುವುದು, ಕೇಳಿದವರಿಗೆ ಕಾಗದ ಕೊಡುವುದು, ಈ ಮೂರರಲ್ಲಿ ಮಂಡಳಿಯಿಂದ ಕೆಲಸ ತೆಗೆಯಬಹುದು. ಕಾನೂನಿನ ಕಲಂ ಹಿಡಿದು ಕೇಳುವವರಿಗೆ ಒಟ್ಟಾರೆ 5ರಲ್ಲಿ 3 ಅಂಕದ ಸೇವೆ ಸಿಗುತ್ತದೆ. ದೊಡ್ಡ ಘಟಕದ ಅಥವಾ ಸರಕಾರದ್ದೇ ಸಂಸ್ಥೆಯ ವಿರುದ್ಧ ತೀರ್ಮಾನ ತೆಗೆದುಕೊಳ್ಳುವ ವಿಷಯಕ್ಕೆ 1ಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಯಾವುದೋ ಒಬ್ಬ ಅಧಿಕಾರಿಯನ್ನು ದೂರಿ ಪ್ರಯೋಜನವಿಲ್ಲ. ದೋಷ ಮಂಡಳಿಯನ್ನು ಕಟ್ಟಿದ ರೀತಿಯಲ್ಲೇ ಇದೆ. ಅದನ್ನು ಮುಂದೆ ಬಿಡಿಸಿ ಹೇಳುತ್ತೇವೆ.

ಮೊದಲು, ಯಾವ ದೂರಿಗೆ ಯಾವ ಬಾಗಿಲು. ಧ್ವನಿವರ್ಧಕದ ಗದ್ದಲವಾದರೆ ಪೊಲೀಸರ ಬಳಿ ಹೋಗಬೇಕು. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ಅದನ್ನು ಜಾರಿ ಮಾಡುವ ಅಧಿಕಾರ ಜಿಲ್ಲಾಡಳಿತ ಮತ್ತು ಪೊಲೀಸರಿಗಿದೆ. ಹೊಯಿಗೆ ತೆಗೆಯುವ ದೂರು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಜೊತೆಗೆ ಜಿಲ್ಲಾಧಿಕಾರಿಗೆ. ಕಡಲ ಬದಿಯ ಅಥವಾ ಉಬ್ಬರದ ನೀರು ಬರುವ ಹೊಳೆ ಬದಿಯ ಕಟ್ಟಡವಾದರೆ ಅದು ಕರಾವಳಿ ನಿಯಂತ್ರಣ ವಲಯದ ವಿಷಯ, ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಹೋಗಬೇಕು. ತಪ್ಪು ಬಾಗಿಲಿಗೆ ಹೋದ ದೂರು ‘ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರದಲ್ಲಿ ಮುಗಿಯುತ್ತದೆ. ಕಾರ್ಖಾನೆ, ಆಸ್ಪತ್ರೆ, ಹೋಟೆಲ್, ಅಪಾರ್ಟ್‌ಮೆಂಟ್‌ನ ಕೊಳಚೆ ಶುದ್ಧೀಕರಣ ಘಟಕ, ನಗರಸಭೆಯ ಕೊಳಚೆ, ಕಸದ ರಾಶಿಯಿಂದ ಇಳಿಯುವ ಕಪ್ಪು ರಸ, ಚಿಮಣಿಯ ಹೊಗೆ, ಇವು ಮಂಡಳಿಯವು.

ಫೋನಿನಲ್ಲಿ ಹೇಳಿದ ದೂರನ್ನು ದೂರೆಂದು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಪ್ರತಿ ಬರೆದು ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ದೂರದವರು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಇನ್ನೊಂದು ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪರಿಸರ ಭವನದಲ್ಲಿರುವ ಸದಸ್ಯ ಕಾರ್ಯದರ್ಶಿಗೆ. ದೂರಿನಲ್ಲಿ ‘ತುಂಬಾ ಮಾಲಿನ್ಯ ಆಗುತ್ತಿದೆ’ ಎಂದು ಎರಡು ಪುಟ ಬರೆಯುವುದಕ್ಕಿಂತ ಐದೇ ಸಂಗತಿ ಬರೆದರೆ ಸಾಕು: ದಿನಾಂಕ ಮತ್ತು ಗಂಟೆ, ಸ್ಥಳ, ನೀರಿನ ಬಣ್ಣ ಅಥವಾ ವಾಸನೆಯ ಬಗೆ, ಗಾಳಿ ಬೀಸುತ್ತಿದ್ದ ದಿಕ್ಕು, ಹೊಳೆಯಾದರೆ ಉಬ್ಬರವೋ ಇಳಿತವೋ. ನಮ್ಮ ಕರಾವಳಿಯಲ್ಲಿ ಬೇಸಗೆಯ ಹಗಲು ಪಡುವಣದ ಕಡಲ ಗಾಳಿ, ರಾತ್ರಿ ಮೂಡಣದ ನೆಲದ ಗಾಳಿ. ರಾತ್ರಿ ವಾಸನೆ ಬರುವ ಮನೆಗೆ ಅಧಿಕಾರಿ ಹಗಲು ಬಂದು ನಿಂತರೆ ಏನೂ ಸಿಗುವುದಿಲ್ಲ. ‘ಪರಿಶೀಲನೆ ವೇಳೆ ವಾಸನೆ ಕಂಡುಬಂದಿಲ್ಲ’ ಎಂದು ಬರೆದು ಹೋಗುತ್ತಾರೆ, ಅವರು ಬರೆದದ್ದು ಸುಳ್ಳೂ ಆಗಿರುವುದಿಲ್ಲ. ಹಾಗಾಗಿ ದೂರಿನಲ್ಲೇ ‘ರಾತ್ರಿ 10ರಿಂದ ಬೆಳಗ್ಗೆ 5ರೊಳಗೆ ಪರಿಶೀಲಿಸಬೇಕು’ ಎಂದು ಬರೆಯಿರಿ.

ದಿನಾಂಕದ ಮೇಲೆ ಇಷ್ಟು ಒತ್ತು ಏಕೆಂದರೆ ಅದರ ಮೇಲೆ ಹಣದ ಲೆಕ್ಕ ನಿಂತಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಪರಿಹಾರ ಸೂತ್ರದಲ್ಲಿ ಐದು ಅಂಕಿಗಳನ್ನು ಗುಣಿಸುತ್ತಾರೆ. ಮೊದಲನೆಯದು ಮಾಲಿನ್ಯ ಸೂಚ್ಯಂಕ: ಅತಿ ಹೆಚ್ಚು ಮಾಲಿನ್ಯ ಮಾಡಬಲ್ಲ ಕೆಂಪು ವರ್ಗದ ಘಟಕಕ್ಕೆ 80, ಕಿತ್ತಳೆಗೆ 50, ಹಸಿರಿಗೆ 30. ಎರಡನೆಯದು ಉಲ್ಲಂಘನೆಯ ದಿನಗಳ ಸಂಖ್ಯೆ. ಮೂರನೆಯದು ರೂಪಾಯಿ ಗುಣಕ, 100ರಿಂದ 500ರ ನಡುವೆ, ಸಾಮಾನ್ಯವಾಗಿ 250. ನಾಲ್ಕನೆಯದು ಘಟಕದ ಗಾತ್ರ: ಸಣ್ಣದಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5. ಐದನೆಯದು ಊರಿನ ಜನಸಂಖ್ಯೆಯ ಗುಣಕ, 10 ಲಕ್ಷದೊಳಗಿನ ಊರಿಗೆ 1. ಮಂಗಳೂರಿನ ಕೆಂಪು ವರ್ಗದ ಮಧ್ಯಮ ಘಟಕವಾದರೆ ದಿನಕ್ಕೆ 80 × 250 × 1 × 1, ಅಂದರೆ 20,000 ರೂಪಾಯಿ. ದೊಡ್ಡದಾದರೆ 30,000. ಲೆಕ್ಕ ಎಷ್ಟೇ ಕಡಿಮೆ ಬಂದರೂ ದಿನಕ್ಕೆ 5,000ಕ್ಕಿಂತ ಕೆಳಗಿಳಿಯಬಾರದು. ಇದರಲ್ಲಿ ಊರವರ ಕೈಯಲ್ಲಿರುವುದು ಎರಡನೆಯ ಅಂಕಿ ಮಾತ್ರ. ಉಲ್ಲಂಘನೆ ಅಧಿಕಾರಿಯ ಕಣ್ಣಿಗೆ ಬಿದ್ದು ದಾಖಲಾದ ದಿನದಿಂದ, ಸರಿಯಾಗಿದೆಯೆಂದು ಮಂಡಳಿ ಖಚಿತಪಡಿಸಿದ ದಿನದವರೆಗೆ ಎಣಿಕೆ. ಜನವರಿಯಲ್ಲಿ ದೂರು ಕೊಟ್ಟು ಮಾರ್ಚ್‌ನಲ್ಲಿ ಪರಿಶೀಲನೆಯಾದರೆ ಆ ಎರಡು ತಿಂಗಳು ಲೆಕ್ಕದಿಂದಲೇ ಜಾರಿಹೋಗುತ್ತದೆ. ಇನ್‌ವರ್ಡ್ ನಂಬರ್ ಇದ್ದರೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಆ ಎರಡು ತಿಂಗಳಿಗೆ ಮಂಡಳಿಯೇ ಉತ್ತರ ಹೇಳಬೇಕಾಗುತ್ತದೆ.

ಇನ್ನು ಮಾದರಿ ಸಂಗ್ರಹ. ಈ ಸೇವೆಯ ಜೀವ ಇರುವುದು ಇಲ್ಲಿ, ಕೆಡುವುದೂ ಹೆಚ್ಚಾಗಿ ಇಲ್ಲೇ.

1974ರ ಜಲ ಕಾಯ್ದೆಯ 21ನೇ ಕಲಂ ಹೇಳುವ ಕ್ರಮ ಹೀಗಿದೆ: ಘಟಕದ ತ್ಯಾಜ್ಯ ನೀರಿನ ಮಾದರಿ ತೆಗೆಯುವಾಗ ವಿಶ್ಲೇಷಣೆ ಮಾಡಿಸುತ್ತೇವೆಂದು ಘಟಕದವರಿಗೆ ಅಲ್ಲಿಯೇ ನೋಟಿಸ್ ಕೊಡಬೇಕು, ಅವರೆದುರು ಮಾದರಿಯನ್ನು ಎರಡು ಭಾಗ ಮಾಡಬೇಕು, ಎರಡಕ್ಕೂ ಗುರುತು, ಸೀಲು, ಇಬ್ಬರ ಸಹಿ ಹಾಕಬೇಕು, ಒಂದನ್ನು ತಡಮಾಡದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಕ್ರಮ ತಪ್ಪಿದರೆ ವರದಿ ಎಷ್ಟೇ ಕೆಟ್ಟದಾಗಿ ಬಂದರೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ದೂರು ಬಂದಾಗ ಸೇತುವೆಯ ಮೇಲಿಂದ ಬಕೆಟ್ ಇಳಿಸಿ ಹೊಳೆಯ ನೀರು ತುಂಬಿಕೊಂಡು ಹೋದರೆ ಊರವರಿಗೆ ಸಮಾಧಾನವಾಗುತ್ತದೆ. ಆದರೆ ಆ ಮಾದರಿ ಹೊಳೆ ಕೆಟ್ಟಿದೆ ಎಂದು ಹೇಳುತ್ತದೆಯೇ ಹೊರತು ಯಾರು ಕೆಡಿಸಿದರು ಎಂದು ಹೇಳುವುದಿಲ್ಲ. ಹಾಗಾಗಿ ಕೇಳಬೇಕಾದದ್ದು ಮೂರು ಕಡೆಯ ಮಾದರಿ: ಘಟಕದ ಹೊರಹರಿವಿನ ಬಾಯಿಯಲ್ಲಿ ಒಂದು, ಅದಕ್ಕಿಂತ ಮೇಲೆ ಒಂದು, ಕೆಳಗೆ ಒಂದು. ಮೂರೂ ಒಂದೇ ದಿನ, ಒಂದೇ ಹೊತ್ತಿನಲ್ಲಿ. ಸ್ಥಳ ಮಹಜರು ಬರೆಸಿ, ಊರಿನ ಇಬ್ಬರ ಸಹಿ ಹಾಕಿಸಿ.

ಹೊತ್ತಿನ ವಿಷಯದಲ್ಲಿ ನಮ್ಮ ಹೊಳೆಗಳು ಬಯಲುಸೀಮೆಯ ಹೊಳೆಗಳಂತಲ್ಲ. ಫಲ್ಗುಣಿ, ನೇತ್ರಾವತಿ, ನಂದಿನಿ, ಸ್ವರ್ಣಾ ಎಲ್ಲವೂ ಕೊನೆಯ ಕೆಲವು ಕಿಲೋಮೀಟರ್ ಉಪ್ಪು ನೀರಿನವು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಲ್ಲಿ ಕಡಲ ನೀರು ಒಳನುಗ್ಗಿ ತೋಡಿನ ಕೊಳಕನ್ನು ಹಿಂದಕ್ಕೆ ತಳ್ಳಿ ತೆಳುವಾಗಿಸುತ್ತದೆ. ಆಗ ತೆಗೆದ ಮಾದರಿ ಚೊಕ್ಕವಾಗಿಯೇ ಕಾಣುತ್ತದೆ. ಇಳಿತದ ಕೊನೆಯ ಗಂಟೆಯಲ್ಲಿ ತೆಗೆದದ್ದು ನಿಜ ಹೇಳುತ್ತದೆ. ಉಪ್ಪಿನಿಂದ ಇನ್ನೊಂದು ತೊಡಕಿದೆ: ಲೀಟರಿಗೆ 2,000 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇದ್ದರೆ ಸಿಓಡಿ (ನೀರಿನ ಕೊಳಕನ್ನು ರಾಸಾಯನಿಕದಿಂದ ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆ) ಪರೀಕ್ಷೆಯ ಅಂಕಿಯೇ ನಂಬಲಾಗದಂತಾಗುತ್ತದೆ, ಘಟಕದ ವಕೀಲರು ಮೊದಲು ಹಿಡಿಯುವುದು ಅದನ್ನೇ. ವರದಿಯಲ್ಲಿ ಕ್ಲೋರೈಡ್ ಮತ್ತು ವಾಹಕತೆಯನ್ನೂ ಬರೆಯುವಂತೆ ಮೊದಲೇ ಕೇಳಿಕೊಳ್ಳಿ. ಬೇಸಗೆಯಲ್ಲಿ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಕತೆ ಬೇರೆ. ನೀರು ನಿಂತಲ್ಲೇ ನಿಲ್ಲುತ್ತದೆ, ಮೇಲಿನ ಪದರ ತಿಳಿ, ಕೆಳಗಿನದು ಕಪ್ಪು. ಮೇಲ್ಮೈಯಿಂದಷ್ಟೇ ತುಂಬಿಸಿದ ಬಾಟಲಿಗೆ ಅರ್ಥವಿಲ್ಲ.

ಮೀನು ಸತ್ತು ತೇಲಿದಾಗ ಎಲ್ಲರೂ ವಿಷ ಹುಡುಕುತ್ತಾರೆ. ಬಹಳ ಸಲ ಕಾರಣ ನೀರಿನಲ್ಲಿ ಕರಗಿದ ಆಮ್ಲಜನಕ ಇಲ್ಲವಾದದ್ದು. ಮೀನುಗಾರಿಕೆಗೆ ಯೋಗ್ಯವೆನ್ನಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು, ಸ್ನಾನಕ್ಕೆ 5. ಇದು ಬೆಳಗಾಗುವ ಮೊದಲು ಅತಿ ಕಡಿಮೆ ಇರುತ್ತದೆ, ಬಿಸಿಲೇರಿ ಪಾಚಿ ಕೆಲಸ ಶುರುಮಾಡಿದಂತೆ ಏರುತ್ತದೆ. 11 ಗಂಟೆಗೆ ಬಂದು ಅಳೆದರೆ ‘ಸಾಕಷ್ಟಿದೆ’ ಎಂದೇ ಬರುತ್ತದೆ. ಈ ಪರೀಕ್ಷೆಯ ಬಾಟಲಿಯನ್ನು ಗುಳ್ಳೆ ಇರದಂತೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಅಜೈಡ್ ದ್ರಾವಣವನ್ನು ಹೊಳೆಯ ದಡದಲ್ಲೇ ಹಾಕಬೇಕು, ಇಲ್ಲವೇ ಮೀಟರ್ ಅದ್ದಿ ಸ್ಥಳದಲ್ಲೇ ಓದಬೇಕು. ಬರಿಯ ಬಾಟಲಿಯನ್ನು ಜೀಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ದರೆ ಆ ಅಂಕಿ ಕಸಕ್ಕೆ ಸಮ. ಬಿಓಡಿ (ಕೊಳಕನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಮಾದರಿ ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯಲ್ಲಿ ಹೋಗಬೇಕು. ಎಣ್ಣೆ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿ ಸಲ್ಲದು, ಎಣ್ಣೆ ಗೋಡೆಗೆ ಅಂಟಿ ಅಂಕಿ ತಗ್ಗುತ್ತದೆ, ಗಾಜಿನದೇ ಬೇಕು. ಬ್ಯಾಕ್ಟೀರಿಯಾಕ್ಕೆ ಬೇರೆ ಬಾಟಲಿ, ಪ್ರಯೋಗಾಲಯದಲ್ಲಿ ಕ್ರಿಮಿಶುದ್ಧ ಮಾಡಿದ್ದು. ಅಧಿಕಾರಿ ಒಂದೇ ಬಾಟಲಿ ಹಿಡಿದುಕೊಂಡು ಬಂದರೆ ಯಾವ ಪರೀಕ್ಷೆಗೆಂದು ವಿನಯದಿಂದ ಕೇಳಿ, ಉತ್ತರವನ್ನು ಮಹಜರಿನಲ್ಲಿ ಬರೆಸಿ.

ವರದಿ ಕೈಗೆ ಬಂದಾಗ ಹೋಲಿಸಲು ಸಾಮಾನ್ಯ ಮಿತಿಗಳು ಇವು: ಹೊಳೆಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಲೀಟರಿಗೆ ಬಿಓಡಿ 30 ಮಿಲಿಗ್ರಾಂ, ಸಿಓಡಿ 250, ತೇಲುವ ಕಣ 100, ಎಣ್ಣೆ 10, ಸಲ್ಫೈಡ್ 2, ಫಿನಾಲ್ 1, ಪಿಎಚ್ 5.5ರಿಂದ 9. ಕಡಲಿಗೆ ಬಿಡುವುದಾದರೆ ಬಿಓಡಿ 100ರವರೆಗೆ ಸಡಿಲ. ತೈಲ, ರಸಗೊಬ್ಬರದಂಥ ಉದ್ದಿಮೆಗಳಿಗೆ ಅವುಗಳದ್ದೇ ಪ್ರತ್ಯೇಕ ಮಿತಿ ಇದೆ. ಘಟಕ ನಡೆಸಲು ಮಂಡಳಿ ಕೊಡುವ ಚಾಲನಾ ಸಮ್ಮತಿ ಪತ್ರದಲ್ಲಿ ಇನ್ನೂ ಬಿಗಿ ಷರತ್ತು ಇದ್ದರೆ ಅದೇ ಅನ್ವಯ. ಎಷ್ಟೋ ಪತ್ರಗಳಲ್ಲಿ ‘ಹೊರಗೆ ಹನಿ ನೀರೂ ಬಿಡಬಾರದು’ ಎಂಬ ಷರತ್ತೇ ಇರುತ್ತದೆ. ಆಗ ಬಿಓಡಿ 28 ಬಂದು ‘ಮಿತಿಯೊಳಗಿದೆ’ ಎಂಬ ಷರಾ ಬರೆದಿದ್ದರೆ ಅದು ತಪ್ಪು ಷರಾ, ಏಕೆಂದರೆ ಅಲ್ಲಿ ನೀರು ಹರಿದದ್ದೇ ಉಲ್ಲಂಘನೆ.

ಗಾಳಿಯ ವಿಷಯದಲ್ಲಿ ಸೇವೆ ಇನ್ನೂ ಬಡವಾಗಿದೆ. ಮೊಬೈಲಿನಲ್ಲಿ ಮಂಗಳೂರಿನ ವಾಯು ಗುಣಮಟ್ಟ ಎಂದು ತೋರಿಸುವ ಅಂಕಿ ಕದ್ರಿಯ ಸ್ವಯಂಚಾಲಿತ ಕೇಂದ್ರದ್ದು. ಕದ್ರಿ ಎಲ್ಲಿ, ಕಾರ್ಖಾನೆಗಳ ಬದಿಯ ಜೋಕಟ್ಟೆ, ಬೈಕಂಪಾಡಿ ಎಲ್ಲಿ! ಅದಕ್ಕಿಂತ ಮುಖ್ಯ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆ ಸೂಚ್ಯಂಕದಲ್ಲೇ ಇಲ್ಲ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ 12 ವಸ್ತುಗಳಿವೆ, ದೈನಂದಿನ ಸೂಚ್ಯಂಕ ಎಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಎರಡರಲ್ಲೂ ಇದಕ್ಕೆ ಜಾಗವಿಲ್ಲ. ಮನೆಯೊಳಗೆ ಮಕ್ಕಳು ಮೂಗು ಮುಚ್ಚಿಕೊಂಡು ಕೂತಿದ್ದರೂ ಪರದೆಯ ಮೇಲೆ ಹಸಿರು ಬಣ್ಣವೇ ಇರುತ್ತದೆ. ದೂರಿನಲ್ಲಿ ‘ವಾಯು ಗುಣಮಟ್ಟ ಪರೀಕ್ಷಿಸಿ’ ಎಂದು ಬರೆದರೆ ಬರುವುದು ಧೂಳು ಮತ್ತು ಗಂಧಕದ ಡೈಆಕ್ಸೈಡ್‌ನ ವರದಿ. ‘ಹೈಡ್ರೋಜನ್ ಸಲ್ಫೈಡ್, ಮರ್ಕಾಪ್ಟಾನ್, ಬೆಂಜೀನ್ ಅಳೆಯಿರಿ’ ಎಂದು ಹೆಸರು ಹಿಡಿದೇ ಬರೆಯಬೇಕು (ಮರ್ಕಾಪ್ಟಾನ್ ಎಂದರೆ ಗಂಧಕ ಬೆರೆತ ದುರ್ವಾಸನೆಯ ವಸ್ತು).

ಈಗ ತೀರ್ಮಾನದ ಪ್ರಶ್ನೆಗೆ ಬರೋಣ. ಮಾದರಿ ಕೆಟ್ಟದಾಗಿ ಬಂತು, ನೋಟಿಸ್ ಹೋಯಿತು, ಆಮೇಲೇಕೆ ಎಲ್ಲ ನಿಲ್ಲುತ್ತದೆ? ಜಲ ಕಾಯ್ದೆಯ 33ಎ ಕಲಂ ಘಟಕ ಮುಚ್ಚಿಸುವ, ವಿದ್ಯುತ್, ನೀರು ಕಡಿತ ಮಾಡಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿದೆ. ಕಾಗದದ ಮೇಲೆ ಇದಕ್ಕಿಂತ ದೊಡ್ಡ ಅಧಿಕಾರ ಬೇಕಿಲ್ಲ. ಆದರೆ ಅದೇ ಕಾಯ್ದೆಯ 4ನೇ ಕಲಂ ಪ್ರಕಾರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರಕಾರ. ಸರಕಾರದ ಪ್ರತಿನಿಧಿಗಳಾಗಿ ಐವರವರೆಗೆ ಅಧಿಕಾರಿಗಳು, ಸ್ಥಳೀಯ ಸಂಸ್ಥೆಗಳಿಂದ ಐವರವರೆಗೆ, ಸರಕಾರಿ ಕಂಪನಿಗಳಿಂದ ಇಬ್ಬರು. ಕೃಷಿ, ಮೀನುಗಾರಿಕೆ, ಉದ್ಯಮ, ವ್ಯಾಪಾರ ಎಲ್ಲ ಸೇರಿ ಹೊರಗಿನವರು ಹೆಚ್ಚೆಂದರೆ ಮೂವರು. ಅವರಲ್ಲಿ ಕರಾವಳಿಯ ಮೀನುಗಾರರೊಬ್ಬರು ಇರಲೇಬೇಕೆಂಬ ನಿಯಮವಿಲ್ಲ. 5ನೇ ಕಲಂ ಪ್ರಕಾರ ಅವಧಿ 3 ವರ್ಷ, ಅದಕ್ಕೂ ಮೊದಲು ತೆಗೆದುಹಾಕುವ ಅಧಿಕಾರ ಸರಕಾರಕ್ಕೇ. 18ನೇ ಕಲಂ ಪ್ರಕಾರ ಸರಕಾರ ಲಿಖಿತವಾಗಿ ಕೊಟ್ಟ ನಿರ್ದೇಶನಕ್ಕೆ ಮಂಡಳಿ ಬದ್ಧ. ನಗರಸಭೆಯ ಕೊಳಚೆ ಹೊಳೆ ಸೇರಿದರೆ ನೋಟಿಸ್ ಕೊಡಬೇಕಾದ ಮಂಡಳಿಯಲ್ಲಿ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳೇ ಕೂತಿರುತ್ತಾರೆ. ಉಡುಪಿಯ ಇಂದ್ರಾಣಿ ಹೊಳೆಗೆ ಇಳಿದ ಕೊಳಚೆಯನ್ನೂ, 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಮಂದಾರದ ಮನೆ, ತೋಟಗಳ ಮೇಲೆ ಹರಿದದ್ದನ್ನೂ ಈ ರಚನೆಯ ಜೊತೆಗಿಟ್ಟು ಓದಿದರೆ, ಮಂಡಳಿಯ ಪತ್ರಗಳು ಏಕೆ ಅಷ್ಟು ಮೃದುವಾಗಿರುತ್ತವೆ ಎಂಬುದು ಅರ್ಥವಾಗುತ್ತದೆ.

ಹಣದ ಮೂಲವನ್ನೂ ನೋಡಬೇಕು. ನೀರಿನ ಬಳಕೆಯ ಮೇಲಿದ್ದ ಜಲ ಉಪಕರ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಈಗ ಮಂಡಳಿಯ ಗಳಿಕೆಯಲ್ಲಿ ದೊಡ್ಡ ಪಾಲು ಉದ್ದಿಮೆಗಳು ಕಟ್ಟುವ ಸಮ್ಮತಿ ಶುಲ್ಕ, ಅದು ಬಂಡವಾಳ ಹೂಡಿಕೆಯ ಮೇಲೆ ಏರುತ್ತದೆ. ಗಡುವಿನಲ್ಲೂ ಇದೇ ಅಸಮಾನತೆ. ಘಟಕ ಸಮ್ಮತಿಗೆ ಅರ್ಜಿ ಹಾಕಿ 4 ತಿಂಗಳೊಳಗೆ ಮಂಡಳಿ ಏನೂ ಹೇಳದಿದ್ದರೆ ಸಮ್ಮತಿ ಕೊಟ್ಟಂತೆಯೇ ಎಂದು ಜಲ ಕಾಯ್ದೆಯ 25ನೇ ಕಲಂ ಹೇಳುತ್ತದೆ. ದೂರು ಕೊಟ್ಟವನ ಪಾಲಿಗೆ ಅಂಥ ಗಡುವು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಸಿಬ್ಬಂದಿ ಕಡಿಮೆಯಿರುವ ಕಚೇರಿಯಲ್ಲಿ ತಡವಾದರೆ ಅದರ ಲಾಭ ಯಾರಿಗೆ ಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಮೇಲಿನಿಂದ ಒತ್ತಡ ಬಂದಾಗ ಏನಾಗುತ್ತದೆ ಎಂಬುದಕ್ಕೆ ಬೈಕಂಪಾಡಿಯೇ ಉದಾಹರಣೆ. ಕೇಂದ್ರ ಮಂಡಳಿ ಐಐಟಿ ದೆಹಲಿಯ ಜೊತೆ ಸೇರಿ 2009ರಲ್ಲಿ 88 ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಮಂಗಳೂರಿಗೆ 73.68 ಅಂಕ ಬಂತು. 70 ದಾಟಿದರೆ ‘ಅತಿ ಮಲಿನ’. 2010ರ ಜನವರಿ 13ರಂದು ಅಂಥ 43 ಪ್ರದೇಶಗಳಲ್ಲಿ ಹೊಸ ಯೋಜನೆಗಳಿಗೆ ಪರಿಸರ ಅನುಮತಿ ಪರಿಗಣಿಸುವುದನ್ನು ಕೇಂದ್ರ ತಡೆಹಿಡಿಯಿತು. ಆಗ ಕ್ರಿಯಾ ಯೋಜನೆ ತಯಾರಾಯಿತು, ಅದನ್ನು ಒಪ್ಪಿಸಿದ ಮೇಲೆ ತಡೆ ತೆರವಾಯಿತು. ತಡೆ ತೆರವಾಗಲು ಯೋಜನೆಯ ಕಾಗದ ಸಾಕಾಯಿತು. ತೋಡಿನ ನೀರು ತಿಳಿಯಾಗುವವರೆಗೆ ಕಾದು ಅಳೆದು ತೆರವು ಮಾಡಿದ್ದರೆ ಇವತ್ತು ಬೈಕಂಪಾಡಿ ಬಳಿಯ ತೋಕೂರು ಹಳ್ಳದ ಬಗ್ಗೆ ಮಾತಾಡುವ ರೀತಿ ಬೇರೆಯಿರುತ್ತಿತ್ತು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸುಪ್ರೀಂ ಕೋರ್ಟ್ ಇದನ್ನು ಗಮನಿಸದೆ ಇಲ್ಲ. 2011ರ ಲಫಾರ್ಜ್ ಪ್ರಕರಣದಲ್ಲಿ ರಾಷ್ಟ್ರಮಟ್ಟದ ಸ್ವತಂತ್ರ ಪರಿಸರ ನಿಯಂತ್ರಕ ಬೇಕೆಂದು ಹೇಳಿತು, 2014ರ ಜನವರಿಯಲ್ಲಿ ಮತ್ತೆ ನೆನಪಿಸಿತು. 2017ರ ಸೆಪ್ಟೆಂಬರ್‌ನಲ್ಲಿ ಟೆಚಿ ತಾಗಿ ತಾರಾ ಪ್ರಕರಣದಲ್ಲಿ, ಮಂಡಳಿಗಳ ಅಧ್ಯಕ್ಷ, ಸದಸ್ಯರ ಅರ್ಹತೆಗೆ 6 ತಿಂಗಳಲ್ಲಿ ನಿಯಮ ಮಾಡಿರೆಂದು ರಾಜ್ಯಗಳಿಗೆ ಸೂಚಿಸಿತು. 2024ರ ಜನವರಿ 31ರಂದು ಗೋದಾವರ್ಮನ್ ಪ್ರಕರಣದಲ್ಲಿ, ಪರಿಸರ ಸಂಸ್ಥೆಗಳ ಸದಸ್ಯರ ಅರ್ಹತೆ, ಅವಧಿ, ಹಣಕಾಸು, ಕಾರ್ಯವಿಧಾನ ಎಲ್ಲವೂ ಸ್ಪಷ್ಟವಾಗಿ ಬರಹದಲ್ಲಿರಬೇಕು, ಜನರಿಗೆ ಕಾಣುವಂತಿರಬೇಕು ಎಂದಿತು. ಇನ್ನೊಂದು ಕಡೆ ಸಂಸತ್ತು 2023ರ ಜನವಿಶ್ವಾಸ ಕಾಯ್ದೆಯ ಮೂಲಕ ವಾಯು ಮತ್ತು ಪರಿಸರ ಕಾಯ್ದೆಗಳಲ್ಲಿದ್ದ ಹಲವು ಜೈಲು ಶಿಕ್ಷೆಗಳನ್ನು ತೆಗೆದು 10,000ದಿಂದ 15 ಲಕ್ಷ ರೂಪಾಯಿಯ ದಂಡಕ್ಕೆ ಇಳಿಸಿತು. ಆ ದಂಡ ಎಷ್ಟೆಂದು ನಿರ್ಧರಿಸುವವರೂ ಸರಕಾರದ ಕಾರ್ಯದರ್ಶಿ ಮಟ್ಟದ ಅಧಿಕಾರಿಗಳೇ. ದಿನಕ್ಕೆ ಕೋಟಿಗಟ್ಟಲೆ ವಹಿವಾಟಿನ ಘಟಕಕ್ಕೆ 15 ಲಕ್ಷ ಒಂದು ಖರ್ಚಿನ ಬಾಬ್ತು ಅಷ್ಟೇ.

ಹೊಸ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆ ಮಂಡಳಿ ನಡೆಸುವ ಇನ್ನೊಂದು ಸೇವೆ. ನಿಯಮ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ನಾಲ್ಕನೇ ಅನುಬಂಧದಲ್ಲಿದೆ. ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದವರದು. ಇಡೀ ಸಭೆಯ ವಿಡಿಯೋ. ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಸಭೆಗೇ ಓದಿ ಹೇಳಬೇಕು, ಇದನ್ನು ಜನ ಮರೆಯುತ್ತಾರೆ. ಸಭೆ ಗದ್ದಲವಾಗಿ ಅರ್ಧದಲ್ಲಿ ಎದ್ದು ಹೋದರೆ ಓದುವುದನ್ನು ಕೇಳಿಸಿಕೊಳ್ಳುವವರೇ ಇರುವುದಿಲ್ಲ. ‘ಆಕ್ಷೇಪಗಳಿಗೆ ಕಂಪನಿ ಸಮಜಾಯಿಷಿ ನೀಡಿದೆ’ ಎಂಬ ಸಾಲು ಬೆಂಗಳೂರಿಗೋ ದಿಲ್ಲಿಗೋ ಹೋಗುತ್ತದೆ, ಅದೂ 8 ದಿನದೊಳಗೆ. ಕೊನೆಯವರೆಗೆ ಕೂತು, ತಪ್ಪಿದ್ದರೆ ಅಲ್ಲೇ ಎದ್ದು ತಿದ್ದಿಸಿ. ಮಾತಾಡಿದ್ದನ್ನೇ ಬರೆದೂ ಕೊಡಿ, ಸ್ವೀಕೃತಿ ಪಡೆಯಿರಿ. ಜನ ಎಷ್ಟು ಸೇರಬೇಕೆಂಬ ಮಿತಿಯಿಲ್ಲ, ಹತ್ತೇ ಜನ ಬಂದರೂ ಸಭೆ ನಡೆದಂತೆಯೇ, ಹಾಗಾಗಿ ಬಹಿಷ್ಕಾರ ಹಾಕಿದರೆ ಸಭೆ ರದ್ದಾಗುವುದಿಲ್ಲ. ಪರಿಸರ ಅನುಮತಿ ಮೊದಲೇ ಪಡೆದ ಕೈಗಾರಿಕಾ ಪಾರ್ಕಿನೊಳಗೆ ಬರುವ ಘಟಕಕ್ಕೆ ಪ್ರತ್ಯೇಕ ಸಭೆಯೂ ಇಲ್ಲ, ಪಾರ್ಕಿನ ಸಭೆಯಲ್ಲೇ ಎಲ್ಲ ಕೇಳಿರಬೇಕು.

ಈ ಸೇವೆಯ ದೊಡ್ಡ ಕುಂದು ಭಾಷೆ. ನೂರಾರು ಪುಟದ ಅಧ್ಯಯನ ವರದಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ಬಾವಿಯ ಆಳ, ಗಾಳಿಯ ಮಾದರಿ ತೆಗೆದ ತಿಂಗಳು, ಮೀನಿನ ತಳಿಗಳ ಪಟ್ಟಿ ಇರುವುದೆಲ್ಲ ಇಂಗ್ಲಿಷ್ ಭಾಗದಲ್ಲಿ. ಆ ವರದಿ ಬರೆಯುವ ಸಲಹೆಗಾರರಿಗೆ ಹಣ ಕೊಡುವುದೂ ಯೋಜನೆಯ ಕಂಪನಿಯೇ. 2020ರಲ್ಲಿ ಹೊಸ ಕರಡು ಅಧಿಸೂಚನೆ ಬಂದಾಗ ಕನ್ನಡದಲ್ಲಿ ಸಾಕಷ್ಟು ಪ್ರಚಾರ ಮಾಡಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆದಿತ್ತು. ಭಾಷೆಯ ಆಕ್ಷೇಪ ಬರಿಯ ಅಭಿಮಾನದ ಮಾತಲ್ಲ, ಕೋರ್ಟಿನಲ್ಲೂ ನಿಲ್ಲುತ್ತದೆ.

ಕಾಗದ ಪಡೆಯುವ ಸೇವೆಗೆ ಮಾತ್ರ ಮನಸಾರೆ 4 ಅಂಕ ಕೊಡುತ್ತೇವೆ. ಜಲ ಕಾಯ್ದೆಯ 25ನೇ ಕಲಂನ 6ನೇ ಉಪಕಲಂ ಪ್ರಕಾರ ಸಮ್ಮತಿಯ ಷರತ್ತುಗಳ ರಿಜಿಸ್ಟರನ್ನು ಆಸಕ್ತ ವ್ಯಕ್ತಿ ಕಚೇರಿ ವೇಳೆಯಲ್ಲಿ ನೋಡಬಹುದು. ಈ ಕಲಂ ಸಂಖ್ಯೆ ಬರೆದೇ ಅರ್ಜಿ ಕೊಡಿ. ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮೀರಿದ್ದಕ್ಕೇ ಎಷ್ಟೋ ಅರ್ಜಿಗಳು ವಾಪಸಾಗುತ್ತವೆ. ‘ಇಂಥ ಘಟಕದ ಮಾಲಿನ್ಯದ ಮಾಹಿತಿ ಕೊಡಿ’ ಎಂದರೆ ಏನೂ ಬರುವುದಿಲ್ಲ. ಚಾಲನಾ ಸಮ್ಮತಿ ಪತ್ರ, ಕಳೆದ 12 ತಿಂಗಳ ವಿಶ್ಲೇಷಣಾ ವರದಿ, ಪರಿಶೀಲನಾ ಟಿಪ್ಪಣಿ, ಕೊಟ್ಟ ನೋಟಿಸು ಮತ್ತು ಬಂದ ಉತ್ತರ, ಹೀಗೆ ಹೆಸರಿಸಿ ಕೇಳಿ. ಪರಿಸರ ಅನುಮತಿ ಪಡೆದ ಯೋಜನೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತು ಪಾಲನೆಯ ವರದಿ ಒಪ್ಪಿಸಬೇಕು, ಅದು ಸಾರ್ವಜನಿಕ ದಾಖಲೆ. ಕಂಪನಿ ಅದರಲ್ಲಿ ‘ಪಾಲಿಸಲಾಗಿದೆ’ ಎಂದು ಬರೆದದ್ದನ್ನೂ ಮಂಡಳಿಯ ಮಾದರಿ ವರದಿಯನ್ನೂ ಪಕ್ಕಪಕ್ಕ ಇಟ್ಟರೆ ಅರ್ಧ ಮೊಕದ್ದಮೆ ತಯಾರಾದಂತೆ.

ಉಳಿದರ್ಧಕ್ಕೆ ಚೆನ್ನೈ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಅಲ್ಲಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ಪರಿಹಾರ ಕೇಳಿದರೆ ಆ ಮೊತ್ತದ ಶೇ. 1. ಗಡುವು ಬಿಗಿ: ಪರಿಸರ ಅನುಮತಿ ಪ್ರಶ್ನಿಸಲು 30 ದಿನ, ಸಕಾರಣವಿದ್ದರೆ ಇನ್ನು 60, ಇತರ ವಿವಾದಕ್ಕೆ ಮೊದಲ ಬಾರಿ ಕಾರಣ ಹುಟ್ಟಿದ ದಿನದಿಂದ 6 ತಿಂಗಳು, ಪರಿಹಾರಕ್ಕೆ 5 ವರ್ಷ. 90 ದಿನ ದಾಟಿದ ಮೇಲ್ಮನವಿಯನ್ನು ಕ್ಷಮಿಸುವ ಅಧಿಕಾರ ನ್ಯಾಯಮಂಡಳಿಗೇ ಇಲ್ಲ. ಮಂಡಳಿಗೆ ಮೂರನೇ ನೆನಪೋಲೆ ಬರೆಯುತ್ತಾ ಕೂತವರು ಇಲ್ಲಿ ಸೋಲುತ್ತಾರೆ.

ಗೆದ್ದವರು ಎಷ್ಟು ಕಾದರು ಎಂಬುದಕ್ಕೆ ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಕರಣವಿದೆ. ಮೊದಲ ಪರಿಸರ ಅನುಮತಿ 1997ರದು. ನಂದಿಕೂರಿನ ಜನಜಾಗೃತಿ ಸಮಿತಿ ಹಿಡಿದು ಬಿಡದೆ ನಡೆಸಿದ ಹೋರಾಟದಲ್ಲಿ 2019ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ 5 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಇಡುವಂತೆ ಹೇಳಿತು, 2022ರ ಮೇಯಲ್ಲಿ ಒಟ್ಟು 52.02 ಕೋಟಿ ರೂಪಾಯಿಯ ಪರಿಸರ ಪರಿಹಾರಕ್ಕೆ ಆದೇಶಿಸಿತು. ಅನುಮತಿಯಿಂದ ಆ ಆದೇಶದವರೆಗೆ 25 ವರ್ಷ. ಆ ಕಡತ ನಿಂತದ್ದು ಇಸವಿ, ತಾರೀಕು, ಅಳತೆ ಇದ್ದ ಕಾಗದಗಳ ಮೇಲೆ. ನಿಮ್ಮ ಊರಿನ ತೋಡಿನ ಕಡತಕ್ಕೆ ಮೊದಲ ಹಾಳೆ ಬೇಕಿದ್ದರೆ, ಮುಂದಿನ ಇಳಿತದ ಹೊತ್ತು ನೋಡಿಕೊಂಡು ಇವತ್ತೇ ದೂರು ಬರೆಯಿರಿ, ನಾಳೆ ಕಚೇರಿ ತೆರೆಯುವ ಹೊತ್ತಿಗೆ ಇನ್‌ವರ್ಡ್ ನಂಬರ್ ಹಾಕಿಸಿ.